ಬೋರ್ಡೋದ ಕಾಂಡೋರ್‌ಗಳು: ಅಟ್ಲಾಂಟಿಕ್‌ನ ಹಡಗುಗಳ ಮೇಲೆ ಒಂದು ದೂರಗಾಮಿ ಕಣ್ಣು

ಎರಡನೆಯ ಮಹಾಯುದ್ಧದ ವಿಮಾನಗಳ ಬಗ್ಗೆ ಓದುವವರಿಗೆ ಒಂದು ಬಗೆಯ ಛಾಯಾಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ನಾಲ್ಕು ಎಂಜಿನ್‌ಗಳ ದೊಡ್ಡ ಜರ್ಮನ್ ವಿಮಾನವೊಂದು ನಿಲ್ದಾಣದಲ್ಲಿ ನಿಂತಿರುತ್ತದೆ. ಮೂಗು, ರೆಕ್ಕೆ, ಎಂಜಿನ್ನು ಎಲ್ಲವೂ ಸರಿಯಾಗಿವೆ. ಆದರೆ ರೆಕ್ಕೆಯ ಹಿಂದೆ ಒಡಲು ಬೆನ್ನುಮೂಳೆ ಮುರಿದಂತೆ ಬಾಗಿ, ಬಾಲ ನೆಲಕ್ಕೆ ಒರಗಿದೆ. ಶತ್ರುವಿನ ಗುಂಡು ತಗುಲಿ ಹಾಗಾದದ್ದಲ್ಲ. ಹದಿಮೂರು ಹದಿನಾಲ್ಕು ಗಂಟೆ ಸಾಗರದ ಮೇಲೆ ಹಾರಿ ಬಂದ ವಿಮಾನ, ಚಕ್ರ ನೆಲಕ್ಕೆ ತಾಗಿದ ಹೊಡೆತವನ್ನೇ ತಾಳಲಾರದೆ ಮುರಿದಿದೆ. ಬ್ರಿಟನ್ನಿನ ಹಡಗುಗಳಿಗೆ ಒಂದು ಕಾಲದಲ್ಲಿ ದುಃಸ್ವಪ್ನವಾಗಿದ್ದ ಫೋಕ್-ವುಲ್ಫ್ 200 ಕಾಂಡೋರ್ ಇದೇ. ಈ ವಿಮಾನ ನಿಜಕ್ಕೂ ಎಷ್ಟು ಪರಿಣಾಮಕಾರಿಯಾಗಿತ್ತು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಹಿಡಿದುಕೊಂಡಿದೆ. ಉತ್ತರದ ಒಂದು ಭಾಗ ಆ ಮುರಿದ ಬೆನ್ನಿನಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಕಾಂಡೋರ್ ಯುದ್ಧಕ್ಕಾಗಿ ಹುಟ್ಟಿದ ವಿಮಾನವಲ್ಲ. ಕುರ್ಟ್ ಟ್ಯಾಂಕ್ ಎಂಬ ಎಂಜಿನಿಯರ್ ಅದನ್ನು ಲುಫ್ತಾನ್ಸಾ ಕಂಪನಿಯ ಪ್ರಯಾಣಿಕರಿಗಾಗಿ ರೂಪಿಸಿದರು. ಅದು ಮೊದಲು ಹಾರಿದ್ದು 1937ರ ಜುಲೈನಲ್ಲಿ. ಮರುವರ್ಷದ ಆಗಸ್ಟಿನಲ್ಲಿ ಅದು ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ, ಸುಮಾರು 25 ಗಂಟೆಗಳಲ್ಲಿ ಹಾರಿಹೋದಾಗ ಜಗತ್ತೆಲ್ಲ ಬೆರಗಾಯಿತು. ಅದೇ ವರ್ಷದ ನವೆಂಬರಿನಲ್ಲಿ ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳುತ್ತಾ ಟೋಕಿಯೋವನ್ನೂ ಮುಟ್ಟಿತು. ಅದನ್ನು ಕಂಡ ಜಪಾನಿನ ನೌಕಾಪಡೆ ಸಮುದ್ರದ ಮೇಲೆ ದೂರದವರೆಗೆ ಬೇಹು ನಡೆಸುವಂಥ ಒಂದು ಮಾದರಿಯನ್ನು ಮಾಡಿಕೊಡಿ ಎಂದು ಕೇಳಿತು. ಆ ಬೇಡಿಕೆಗಾಗಿ ಸಿದ್ಧವಾದ ನಕ್ಷೆಯೇ ಮುಂದೆ ಜರ್ಮನ್ ವಾಯುಪಡೆಯ ಕೈಗೆ ಬಂತು. ಅಂದರೆ ಯುದ್ಧ ಶುರುವಾದಾಗ ಅಟ್ಲಾಂಟಿಕ್ ಸಾಗರದ ಮೇಲೆ ದೂರ ಹಾರಬಲ್ಲ ವಿಮಾನವೇ ಬೇಕು ಎಂದು ಜರ್ಮನಿ ಯೋಚಿಸಿ ಕಟ್ಟಿದ್ದು ಯಾವುದೂ ಇರಲಿಲ್ಲ. ಕೈಗೆ ಸಿಕ್ಕಿದ ಪ್ರಯಾಣಿಕ ವಿಮಾನಕ್ಕೆ ಹೊಟ್ಟೆಯ ಕೆಳಗೆ ಗೊಂಡೋಲ ಎಂಬ ಉದ್ದನೆಯ ಕೋಣೆ, ರೆಕ್ಕೆಯ ಕೆಳಗೆ ಬಾಂಬು, ಅಲ್ಲಲ್ಲಿ ಮೆಷಿನ್‌ಗನ್ ಸೇರಿಸಿ ಯುದ್ಧಕ್ಕೆ ಕಳುಹಿಸಲಾಯಿತು. ಪ್ರಯಾಣಿಕರನ್ನು ಹೊತ್ತು ಮೃದುವಾಗಿ ಇಳಿಯುವ ಒಡಲಿಗೆ ಇಷ್ಟೆಲ್ಲ ಭಾರ ಬಿದ್ದಾಗ ಬೆನ್ನು ಮುರಿಯುವುದು ಆಶ್ಚರ್ಯವಲ್ಲ. ಇಂಧನದ ಕೊಳವೆಗಳು ಒಡಲಿನ ತಳಭಾಗದಲ್ಲಿ ಯಾವ ರಕ್ಷಣೆಯೂ ಇಲ್ಲದೆ ಹಾದುಹೋಗಿದ್ದವು. ಕೆಳಗಿನಿಂದ ಬಂದ ಒಂದೆರಡು ಗುಂಡುಗಳೇ ಅದಕ್ಕೆ ಸಾಕಾಗುತ್ತಿದ್ದವು.

ನಾರ್ವೆಯ ಟ್ರಾಂಡ್‌ಹೈಮ್ ಬಳಿಯ ಕಡಲ ಕೊರಕಲಿನಲ್ಲಿ 1942ರ ಫೆಬ್ರುವರಿಯಲ್ಲಿ ಮುಳುಗಿದ್ದ ಕಾಂಡೋರ್ ಒಂದನ್ನು 1999ರಲ್ಲಿ ಮೇಲೆತ್ತುವಾಗಲೂ ಅದು ತುಂಡುತುಂಡಾಯಿತು. ಆ ತುಂಡುಗಳನ್ನು ಜೋಡಿಸಿ, ಬೇರೆ ಅವಶೇಷಗಳಿಂದ ತಂದ ಭಾಗಗಳನ್ನು ಸೇರಿಸಿ, ಜರ್ಮನಿಯ ನಿವೃತ್ತ ಕುಶಲಕರ್ಮಿಗಳು ಎರಡು ದಶಕ ದುಡಿದ ಮೇಲೆ ಈಗ ಬರ್ಲಿನ್ನಿನಲ್ಲಿ ಒಂದೇ ಒಂದು ಕಾಂಡೋರ್ ಉಳಿದಿದೆ.

1940ರ ಜೂನಿನಲ್ಲಿ ಫ್ರಾನ್ಸ್ ಸೋತಿದ್ದು ಈ ವಿಮಾನದ ಹಣೆಬರಹವನ್ನು ಬದಲಿಸಿತು. ಫ್ರಾನ್ಸಿನ ಪಶ್ಚಿಮ ಕರಾವಳಿ ಜರ್ಮನಿಯ ಕೈಗೆ ಬಂತು. ಬೋರ್ಡೋ ನಗರದ ಪಕ್ಕದ ಮೆರಿನ್ಯಾಕ್ ವಿಮಾನ ನಿಲ್ದಾಣಕ್ಕೆ ಎಡ್ಗರ್ ಪೀಟರ್ಸನ್ ಎಂಬ ಅಧಿಕಾರಿ ಕಟ್ಟಿಬೆಳೆಸಿದ ಪಡೆ, ಕೆಜಿ 40, ಬಂದು ನೆಲೆಯೂರಿತು. ನಾನು ಒಮ್ಮೆ ಶಾಲೆಯ ಅಟ್ಲಾಸ್ ತೆರೆದು, ಒಂದು ದಾರವನ್ನು ಹಿಡಿದು ಅವರ ದಾರಿಯನ್ನು ಅಳೆದು ನೋಡಿದೆ. ಬೋರ್ಡೋದಿಂದ ಹೊರಟು, ಬಿಸ್ಕೇ ಕೊಲ್ಲಿಯನ್ನು ದಾಟಿ, ಐರ್ಲೆಂಡಿನ ಪಶ್ಚಿಮಕ್ಕೆ ದೂರ ಸುತ್ತುಹಾಕಿ, ಉತ್ತರಕ್ಕೆ ತಿರುಗಿ ನಾರ್ವೆಯ ಸ್ಟಾವಂಗರ್ ಅಥವಾ ಟ್ರಾಂಡ್‌ಹೈಮ್‌ನಲ್ಲಿ ಇಳಿಯುವುದು. ಒಂದೆರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹಿಂತಿರುಗುವುದು. ದಾರ ಮೂರು ಸಾವಿರ ಕಿಲೋಮೀಟರನ್ನು ಸುಲಭವಾಗಿ ದಾಟುತ್ತದೆ. ಬೆಂಗಳೂರಿನಿಂದ ಹೊರಟವರು ದೆಹಲಿಯ ಮೇಲೆ ತಿರುಗಿ, ಇಳಿಯದೆಯೇ ಬೆಂಗಳೂರಿಗೆ ಮರಳಿದಷ್ಟು ದೂರ ಅದು. ಕೆಳಗೆ ಬರೀ ನೀರು. ಬ್ರಿಟಿಷರು ಆ ಬೇಸಿಗೆಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಕಡೆಯಿಂದ ಬರುವ ದಾರಿಯನ್ನು ಬಿಟ್ಟು, ಬೆಂಗಾವಲಿನಲ್ಲಿ ಗುಂಪಾಗಿ ಸಾಗುವ ಹಡಗುಗಳ ಸಾಲುಗಳನ್ನು, ಅಂದರೆ ಕಾನ್ವಾಯ್‌ಗಳನ್ನೆಲ್ಲ ಐರ್ಲೆಂಡಿನ ಉತ್ತರದಿಂದ ಸುತ್ತಿಸಿ ಲಿವರ್‌ಪೂಲ್ ಮತ್ತು ಕ್ಲೈಡ್ ಬಂದರುಗಳಿಗೆ ತರುತ್ತಿದ್ದರು. ಕಾಂಡೋರ್ ಹೋಗುತ್ತಿದ್ದದ್ದು ಸರಿಯಾಗಿ ಆ ದಾರಿಯ ಬಾಯಿಗೆ.

ಅದು ಹೆಸರು ಮಾಡಿದ್ದು 1940ರ ಅಕ್ಟೋಬರ್ 26ರಂದು. ಎಂಪ್ರೆಸ್ ಆಫ್ ಬ್ರಿಟನ್ ಎಂಬ 42,348 ಟನ್ನಿನ ಭವ್ಯ ಪ್ರಯಾಣಿಕ ಹಡಗು, ಸೂಯೆಜ್‌ನಿಂದ ಆಫ್ರಿಕಾದ ತುದಿಯನ್ನು ಸುತ್ತಿ, ಸೈನಿಕರನ್ನೂ ಅವರ ಕುಟುಂಬದವರನ್ನೂ ಹೊತ್ತು ಒಂಟಿಯಾಗಿ ಮನೆಗೆ ಮರಳುತ್ತಿತ್ತು. ಐರ್ಲೆಂಡಿನ ವಾಯವ್ಯಕ್ಕೆ, ಇನ್ನೇನು ಊರು ಸೇರಿತು ಎನ್ನುವಾಗ, ಬರ್ನ್‌ಹಾರ್ಡ್ ಯೋಪ್ ನಡೆಸುತ್ತಿದ್ದ ಕಾಂಡೋರ್ ಅದನ್ನು ಕಂಡಿತು. ಬಾಂಬು ಬಿದ್ದು ಹಡಗಿಗೆ ಬೆಂಕಿ ಹತ್ತಿತು. ಹೆಚ್ಚಿನವರನ್ನು ಉಳಿಸಲಾಯಿತು, ಸುಮಾರು 45 ಜನ ಸತ್ತರು. ಆದರೂ ಹಡಗು ಮುಳುಗಲಿಲ್ಲ. ಎಳೆದುಕೊಂಡು ಹೋಗುತ್ತಿದ್ದಾಗ, ಎರಡು ದಿನಗಳ ಮೇಲೆ, ಯು-32 ಎಂಬ ಜಲಾಂತರ್ಗಾಮಿ ಬಂದು ಟಾರ್ಪೆಡೊ ಹೊಡೆದು ಮುಳುಗಿಸಿತು. ಆ ಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಅತಿದೊಡ್ಡ ಪ್ರಯಾಣಿಕ ಹಡಗು ಅದು. ಈ ಘಟನೆಯನ್ನು ಕಾಂಡೋರ್‌ನ ದೊಡ್ಡ ಗೆಲುವು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ವಿಮಾನ ಕಂಡಿತು, ಗಾಯಗೊಳಿಸಿತು, ಮುಗಿಸಿದ್ದು ಜಲಾಂತರ್ಗಾಮಿ.

ಅವರ ದಾಳಿಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರಲ್ಲೇ ಅಡಗಿದೆ. ಸಮುದ್ರದ ಮೇಲೆ ಚಲಿಸುತ್ತಿರುವ ಹಡಗಿಗೆ ಎತ್ತರದಿಂದ ಗುರಿಯಿಟ್ಟು ಬಾಂಬು ಹಾಕಬಲ್ಲ ಒಳ್ಳೆಯ ಗುರಿಯಂತ್ರ ಆಗ ಕಾಂಡೋರ್‌ನಲ್ಲಿ ಇರಲಿಲ್ಲ. ಆದ್ದರಿಂದ ಪೈಲಟ್ ವಿಮಾನವನ್ನು ನೀರಿನಿಂದ ಸುಮಾರು 45 ಮೀಟರ್ ಎತ್ತರಕ್ಕೆ, ಅಂದರೆ ಹಡಗಿನ ಪಟಸ್ತಂಭದ ತುದಿಗಿಂತ ತುಸುವೇ ಮೇಲಕ್ಕೆ ಇಳಿಸುತ್ತಿದ್ದ. ಹಡಗಿನ ಹಿಂಬದಿಯಿಂದಲೋ ಪಕ್ಕದಿಂದಲೋ ನೇರವಾಗಿ ನುಗ್ಗಿ, ಇನ್ನು ಇನ್ನೂರೈವತ್ತು ಮೀಟರ್ ಇದೆ ಎನ್ನುವಾಗ 250 ಕಿಲೋ ತೂಕದ ಬಾಂಬನ್ನು ಬಿಡುತ್ತಿದ್ದ. ಅಷ್ಟು ಎತ್ತರದಿಂದ ಬಾಂಬು ಬೀಳಲು ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಅದು ವಿಮಾನದ ವೇಗದಲ್ಲೇ ಮುಂದಕ್ಕೆ ಸಾಗಿ ಹಡಗಿನ ಮೈಗೆ ಬಡಿಯುತ್ತಿತ್ತು. ಸ್ಫೋಟಕ್ಕೆ ಕೆಲವು ಕ್ಷಣಗಳ ವಿಳಂಬವಿಟ್ಟಿದ್ದರಿಂದ ಅಷ್ಟರಲ್ಲಿ ವಿಮಾನ ಹಡಗಿನ ಮೇಲಿನಿಂದ ದಾಟಿಹೋಗಿರುತ್ತಿತ್ತು. ಇದೇ ಹೊತ್ತಿಗೆ ಗೊಂಡೋಲದಲ್ಲಿದ್ದ ಗನ್ ಹಡಗಿನ ಮೇಲಟ್ಟದ ಉದ್ದಕ್ಕೂ ಗುಂಡು ಸುರಿಸುತ್ತಿತ್ತು. ತಪ್ಪಲು ಹೆಚ್ಚು ಅವಕಾಶವಿಲ್ಲದ ವಿಧಾನ ಇದು. ಆದರೆ ಇದರ ಯಶಸ್ಸಿಗೆ ಒಂದು ಷರತ್ತಿತ್ತು: ಹಡಗಿನಿಂದ ಯಾರೂ ತಿರುಗಿ ಗುಂಡು ಹೊಡೆಯಬಾರದು. 1940ರ ಕೊನೆಯಲ್ಲಿ ಆ ಷರತ್ತು ಪೂರೈಸುತ್ತಿತ್ತು. ಬಹುಪಾಲು ಸರಕು ಹಡಗುಗಳ ಹಿಂಭಾಗದಲ್ಲಿ ಜಲಾಂತರ್ಗಾಮಿಯನ್ನು ಹೆದರಿಸಲೆಂದು ಇಟ್ಟ ಹಳೆಯ ಫಿರಂಗಿಯೊಂದು ಇರುತ್ತಿತ್ತು. ಅದರ ಮೂತಿಯನ್ನು ಆಕಾಶಕ್ಕೆ ಎತ್ತಲಾಗುತ್ತಿರಲಿಲ್ಲ.

1941ರ ಫೆಬ್ರುವರಿ ತಿಂಗಳು ಕಾಂಡೋರ್‌ಗಳ ಉಚ್ಛ್ರಾಯದ ಕಾಲ. ಜಿಬ್ರಾಲ್ಟರಿನಿಂದ ಬ್ರಿಟನ್ನಿಗೆ ಹೊರಟಿದ್ದ ಎಚ್‌ಜಿ 53 ಎಂಬ ಕಾನ್ವಾಯನ್ನು ಯು-37 ಜಲಾಂತರ್ಗಾಮಿ ಪತ್ತೆಮಾಡಿ, ತಾನಿದ್ದ ಜಾಗದ ಸುಳಿವನ್ನು ರೇಡಿಯೊ ಸಂಕೇತದ ಮೂಲಕ ಬಿಡುತ್ತಾ ಬೋರ್ಡೋದ ವಿಮಾನಗಳನ್ನು ಕರೆಯಿತು. ಫೆಬ್ರುವರಿ 9ರಂದು ಐದು ಕಾಂಡೋರ್‌ಗಳು ಬಂದು ಐದು ಹಡಗುಗಳನ್ನು ಮುಳುಗಿಸಿದವು. ಆಮೇಲೆ ಅಡ್ಮಿರಲ್ ಹಿಪ್ಪರ್ ಎಂಬ ಯುದ್ಧನೌಕೆಯೂ ಬಂದು ಕಾನ್ವಾಯಿನಿಂದ ಹಿಂದುಳಿದಿದ್ದ ಒಂದು ಹಡಗನ್ನು ಮುಳುಗಿಸಿತು. ನೀರಿನಡಿಯ, ನೀರಿನ ಮೇಲಿನ, ಆಕಾಶದ ಮೂರೂ ಶಕ್ತಿಗಳು ಒಂದೇ ಕಾನ್ವಾಯಿನ ಮೇಲೆ ಬಿದ್ದ ಇಂಥ ಪ್ರಸಂಗ ಜರ್ಮನರಿಗೆ ಮತ್ತೆ ಕೈಗೂಡಿದ್ದು ನನಗೆ ತಿಳಿದಂತೆ ಇಲ್ಲ. ಫೆಬ್ರುವರಿ 26ರಂದು ಐರ್ಲೆಂಡಿನ ಪಶ್ಚಿಮದಲ್ಲಿ ಒಬಿ 290 ಕಾನ್ವಾಯಿನ ಸರದಿ. ಅಲ್ಲೂ ಮೊದಲು ಕಂಡದ್ದು ಜಲಾಂತರ್ಗಾಮಿ. ಪ್ರಸಿದ್ಧ ನಾಯಕ ಗುಂಥರ್ ಪ್ರೀನ್ ಇದ್ದ ಯು-47. ರಾತ್ರಿ ಪ್ರೀನ್ ಹೊಡೆದ ಕಾನ್ವಾಯನ್ನು ಹಗಲಿನಲ್ಲಿ ಕಾಂಡೋರ್‌ಗಳು ಹೊಡೆದವು. ಸಮುದ್ರದ ಮಧ್ಯದ ಕಾನ್ವಾಯಿನ ಮೇಲೆ ಅವುಗಳಿಗೆ ಸಿಕ್ಕ ಅತಿದೊಡ್ಡ ದಿನ ಅದು. ಮುಳುಗಿದವುಗಳಲ್ಲಿ ಬ್ರೋಕಲ್‌ಬ್ಯಾಂಕ್ ಕಂಪನಿಯ ಮಹಾನದಾ ಎಂಬ ಹಡಗೂ ಒಂದು. ಕಲ್ಕತ್ತೆಯ ವ್ಯಾಪಾರಕ್ಕೆ ಹೆಸರಾದ ಆ ಕಂಪನಿ ತನ್ನ ಹಡಗುಗಳಿಗೆ ನಮ್ಮ ನಾಡಿನ ಹೆಸರುಗಳನ್ನು ಇಡುತ್ತಿತ್ತು. ಐರ್ಲೆಂಡಿನ ಚಳಿಯ ನೀರಿನಲ್ಲಿ ಮುಳುಗಿದ ಹಡಗುಗಳ ಪಟ್ಟಿಯ ನಡುವೆ ಆ ಹೆಸರನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ.

ಈ ಎರಡು ದಿನಗಳಲ್ಲಿ ಯಾರು ಯಾರನ್ನು ಕರೆದರು ಎಂಬುದನ್ನು ಗಮನಿಸಬೇಕು. ವಿಮಾನ ಕಣ್ಣಾಗಬೇಕಿತ್ತು, ಜಲಾಂತರ್ಗಾಮಿ ಕೈಯಾಗಬೇಕಿತ್ತು, ನಡೆದದ್ದು ತಿರುವುಮುರುವು. ಕಣ್ಣು ಎಂದು ನಂಬಿದ್ದು ಕೈಯಾಯಿತು, ಕೈ ಎಂದು ನಂಬಿದ್ದು ಕಣ್ಣಾಯಿತು. ಇದಕ್ಕೆ ಕಾರಣವಿದೆ.

ಜಲಾಂತರ್ಗಾಮಿಯ ಗೋಪುರದ ಮೇಲೆ ನಿಂತವನ ಕಣ್ಣು ನೀರಿನಿಂದ ಐದಾರು ಮೀಟರಿನಷ್ಟೇ ಎತ್ತರದಲ್ಲಿ ಇರುತ್ತದೆ. ಅವನ ದಿಗಂತ ಎಂಟೊಂಬತ್ತು ಕಿಲೋಮೀಟರಿಗೆ ಮುಗಿಯುತ್ತದೆ. ಅದರಾಚೆಯ ಹಡಗಿನ ಹೊಗೆ, ಪಟಸ್ತಂಭದ ತುದಿ ಕಂಡರೆ ಅದೃಷ್ಟ. ಐನೂರು ಮೀಟರ್ ಎತ್ತರದ ವಿಮಾನದಿಂದ ದಿಗಂತ ಸುಮಾರು 80 ಕಿಲೋಮೀಟರ್ ದೂರ. ಕಾರ್ಲ್ ಡೋನಿಟ್ಜ್, ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ, ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕುರುಡರಂತೆ ತಡಕಾಡುವ ತಮ್ಮ ಹಡಗುಗಳಿಗೆ ಕಣ್ಣು ಕೊಡಿ ಎಂದು ಅವರು ಕೇಳುತ್ತಲೇ ಇದ್ದರು. ಆದರೆ ಜರ್ಮನಿಯಲ್ಲಿ ಹಾರುವುದೆಲ್ಲ ತನಗೇ ಸೇರಿದ್ದು ಎನ್ನುವ ಗೋರಿಂಗ್ ವಾಯುಪಡೆಯ ಒಡೆಯರಾಗಿದ್ದರು. ನೌಕಾಪಡೆಗೆ ಸ್ವಂತ ವಿಮಾನಬಲ ಬೆಳೆಯಲು ಅವರು ಬಿಟ್ಟಿರಲಿಲ್ಲ. 1941ರ ಜನವರಿ 7ರಂದು, ಗೋರಿಂಗ್ ಬೇಟೆಗೆ ಹೋಗಿದ್ದ ಸಮಯದಲ್ಲಿ, ಹಿಟ್ಲರ್ ಕೆಜಿ 40ರ ಮೊದಲ ಗುಂಪನ್ನು ಡೋನಿಟ್ಜ್ ಅವರ ಅಧೀನಕ್ಕೆ ಕೊಟ್ಟರು. ತಿಂಗಳಾದ ಮೇಲೆ ಗೋರಿಂಗ್ ತಮ್ಮ ವಿಶೇಷ ರೈಲಿಗೆ ಡೋನಿಟ್ಜ್ ಅವರನ್ನು ಕರೆಸಿಕೊಂಡು ಪಡೆಯನ್ನು ಹಿಂದಿರುಗಿಸಲು ಒಪ್ಪಿಕೊಳ್ಳಿ ಎಂದಾಗ ಅವರು ಒಪ್ಪಲಿಲ್ಲ. ಆದರೆ ಆ ಚಳಿಗಾಲ ಮುಗಿಯುವ ಹೊತ್ತಿಗೆ ಪಡೆ ವಾಯುಪಡೆಯ ಹೊಸ ಅಟ್ಲಾಂಟಿಕ್ ಕಮಾಂಡಿಗೆ, ಮಾರ್ಟಿನ್ ಹಾರ್ಲಿಂಗ್‌ಹೌಸನ್ ಅವರ ಕೈಗೆ ಮರಳಿತು. ಇದು ದೊಡ್ಡವರ ಪ್ರತಿಷ್ಠೆಯ ಜಗಳ. ಆ ಜಗಳದ ವಸ್ತು ಎಷ್ಟಿತ್ತು ಎಂದರೆ, ದಿನವೊಂದಕ್ಕೆ ಸಾಗರದ ಮೇಲೆ ಕಳುಹಿಸಲು ಸಿದ್ಧವಿರುತ್ತಿದ್ದ ಒಂದೆರಡು ವಿಮಾನ.

ಆ ಒಂದೆರಡರ ಕಣ್ಣಿಗೂ ತೊಡಕುಗಳಿದ್ದವು. ಹತ್ತು ಗಂಟೆ ನೀರಿನ ಮೇಲೆ ಹಾರಿದ ವಿಮಾನಕ್ಕೆ ತಾನು ಎಲ್ಲಿದ್ದೇನೆ ಎಂಬುದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ವೇಗ, ದಿಕ್ಕು, ಕಳೆದ ಸಮಯ ಮೂರನ್ನೂ ಲೆಕ್ಕಹಾಕಿ ನಕ್ಷೆಯ ಮೇಲೆ ಗುರುತು ಹಾಕುವುದು ಅವರ ಕ್ರಮ. ಗಾಳಿ ಪಕ್ಕಕ್ಕೆ ತಳ್ಳಿದ್ದು ಲೆಕ್ಕಕ್ಕೆ ಬಾರದಿದ್ದರೆ ಗುರುತು ಹತ್ತಾರು ಕಿಲೋಮೀಟರ್ ತಪ್ಪುತ್ತಿತ್ತು. 1940ರ ಆಗಸ್ಟ್ 20ರಂದು ಒಂದು ಕಾಂಡೋರ್ ಮೋಡದೊಳಗಿಂದ ಐರ್ಲೆಂಡಿನ ಬ್ರಾಂಡನ್ ಪರ್ವತಕ್ಕೇ ಡಿಕ್ಕಿ ಹೊಡೆಯಿತು. ಒಳಗಿದ್ದವರು ಬದುಕುಳಿದು, ತಟಸ್ಥ ಐರ್ಲೆಂಡಿನಲ್ಲಿ ಬಂಧಿಗಳಾದರು. ತಪ್ಪಾದ ಸ್ಥಾನವನ್ನು ನಂಬಿ ಜಲಾಂತರ್ಗಾಮಿಗಳು ದಿನಗಟ್ಟಲೆ ಓಡಿದರೆ ಅಲ್ಲಿ ಬರಿಯ ಅಲೆ. ಇದಕ್ಕೆ ಡೋನಿಟ್ಜ್ ಅವರ ಕಚೇರಿ ಒಂದು ಜಾಣ ಉಪಾಯ ಕಂಡುಕೊಂಡಿತು. ಕಾಂಡೋರ್ ತಾನು ಎಲ್ಲಿದ್ದೇನೆಂದು ಹೇಳುವುದನ್ನು ನಂಬುವ ಬದಲು, ಕಾನ್ವಾಯಿನ ಸುತ್ತ ಸುತ್ತುತ್ತಾ ಒಂದೇ ಸಮನೆ ರೇಡಿಯೊ ಸಂಕೇತ ಬಿಡಲಿ. ಬೇರೆಬೇರೆ ಕಡೆ ಇರುವ ಜಲಾಂತರ್ಗಾಮಿಗಳು ಆ ಸಂಕೇತ ಯಾವ ದಿಕ್ಕಿನಿಂದ ಕೇಳಿಸುತ್ತಿದೆ ಎಂದು ಅಳೆದು ತಿಳಿಸಲಿ. ಆ ಗೆರೆಗಳು ನಕ್ಷೆಯ ಮೇಲೆ ಎಲ್ಲಿ ಕೂಡುತ್ತವೋ ಅಲ್ಲಿ ಕಾನ್ವಾಯ್ ಇದೆ. ಈ ಕ್ರಮ ಹಿಡಿದ ಮೇಲೆ ಕಣ್ಣಿಗೆ ಅರ್ಥ ಬಂತು.

ಜಿಬ್ರಾಲ್ಟರ್ ದಾರಿಯಲ್ಲಿ ಅದರ ಫಲ ಕಾಣಿಸಿತು. ಆ ದಾರಿ ಬೋರ್ಡೋಗೆ ಹತ್ತಿರ. ವಿಮಾನ ಹೆಚ್ಚು ಹೊತ್ತು ಕಾನ್ವಾಯಿನ ಬಳಿ ಸುಳಿದಾಡಬಹುದು. 1941ರ ಆಗಸ್ಟಿನಲ್ಲಿ ಲಿವರ್‌ಪೂಲಿನಿಂದ ಜಿಬ್ರಾಲ್ಟರಿಗೆ ಹೊರಟ ಒಜಿ 71 ಕಾನ್ವಾಯನ್ನು ಕಾಂಡೋರ್ ಕಂಡು ಹಿಂಬಾಲಿಸಿತು. ಒಂದಾದ ಮೇಲೊಂದು ಜಲಾಂತರ್ಗಾಮಿ ಬಂದು ಸೇರಿತು. ಎಂಟು ವ್ಯಾಪಾರಿ ಹಡಗುಗಳೂ ಎರಡು ಬೆಂಗಾವಲು ಹಡಗುಗಳೂ ಮುಳುಗಿದವು. ಅಗಿಲಾ ಎಂಬ ಹಡಗಿನಲ್ಲಿ ಜಿಬ್ರಾಲ್ಟರಿನ ಕೆಲಸಕ್ಕೆ ಸ್ವಯಂಪ್ರೇರಿತರಾಗಿ ಹೊರಟಿದ್ದ ನೌಕಾಪಡೆಯ 21 ಯುವತಿಯರಿದ್ದರು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ಉಳಿದ ಹಡಗುಗಳು ಪ್ರಯಾಣವನ್ನೇ ಬಿಟ್ಟು ತಟಸ್ಥ ಲಿಸ್ಬನ್ ಬಂದರನ್ನು ಹೊಕ್ಕವು. ಕಾಂಡೋರ್ ಮುಳುಗಿಸಿದ ಹಡಗುಗಳ ಪಟ್ಟಿಯಲ್ಲಿ ಇವು ಸೇರುವುದಿಲ್ಲ. ಇವು ಟಾರ್ಪೆಡೊಗಳ ಲೆಕ್ಕ. ಆದರೆ ನನ್ನನ್ನು ಕೇಳಿದರೆ, ಬಾಂಬು ಹಾಕಿದ ಯಾವ ದಿನಕ್ಕಿಂತಲೂ ಆ ವಿಮಾನ ಪರಿಣಾಮಕಾರಿಯಾಗಿದ್ದದ್ದು ಅದು ಸುಮ್ಮನೆ ಸುತ್ತುತ್ತಿದ್ದ ಈ ದಿನಗಳಲ್ಲಿ.

1940ರ ಆಗಸ್ಟಿನಿಂದ 1941ರ ಫೆಬ್ರುವರಿಯವರೆಗೆ ಕಾಂಡೋರ್‌ಗಳು 3,63,000 ಟನ್ ಹಡಗುಗಳನ್ನು ಮುಳುಗಿಸಿದವು ಎಂಬ ಅಂಕಿ ಅನೇಕ ಕಡೆ ಕಾಣಸಿಗುತ್ತದೆ. ಅದು ಹೊಡೆದವರು ತಾವೇ ಹೇಳಿಕೊಂಡ ಲೆಕ್ಕ. ಹೊಗೆಯೆದ್ದ ಹಡಗು ಮುಳುಗಿತೆಂದೂ, ಸಣ್ಣ ಹಡಗು ದೊಡ್ಡದೆಂದೂ ಆಕಾಶದಿಂದ ಕಾಣುವುದು ಸಹಜ. ಅಂಥ ಲೆಕ್ಕವನ್ನು ಹಾಗೆಯೇ ನಂಬುವುದು ತಪ್ಪು. ಇಡೀ ಯುದ್ಧದಲ್ಲಿ, ಎಲ್ಲ ಸಮುದ್ರಗಳಲ್ಲಿ, ಶತ್ರುಗಳ ಎಲ್ಲ ಬಗೆಯ ವಿಮಾನಗಳೂ ಸೇರಿ ಮುಳುಗಿಸಿದ ಮಿತ್ರರಾಷ್ಟ್ರಗಳ ಮತ್ತು ತಟಸ್ಥ ರಾಷ್ಟ್ರಗಳ ವ್ಯಾಪಾರಿ ಹಡಗುಗಳು 820. ಜಲಾಂತರ್ಗಾಮಿಗಳು ಮುಳುಗಿಸಿದವು 2,828. ಟನ್ನಿನ ಲೆಕ್ಕದಲ್ಲಿ ಒಂದಕ್ಕೆ ಐದರ ಅಂತರ. ಆ 820ರಲ್ಲಿ ಕಾಂಡೋರ್‌ಗಳ ಪಾಲು ಒಂದು ಸಣ್ಣ ತುಣುಕು. ಆದರೂ ಇದನ್ನು ಇಟ್ಟುಕೊಂಡು ಕಾಂಡೋರ್ ಏನೂ ಅಲ್ಲ ಎನ್ನುವುದು ಇನ್ನೊಂದು ತಪ್ಪು. ಮೊದಲಿನಿಂದ ಕೊನೆಯವರೆಗೆ ತಯಾರಾದ ಕಾಂಡೋರ್‌ಗಳು ಒಟ್ಟು 276. ಯಾವುದೇ ಒಂದು ದಿನ ಹಾರಲು ಯೋಗ್ಯವಾಗಿದ್ದವು ಬೆರಳೆಣಿಕೆಯಷ್ಟು. ಅಷ್ಟೇ ವಿಮಾನಗಳು ಬ್ರಿಟನ್ನನ್ನು ಎಷ್ಟು ಕಂಗೆಡಿಸಿದವು ಎಂಬುದಕ್ಕೆ ಸಾಕ್ಷಿ ಬ್ರಿಟನ್ನೇ ಬರೆದಿಟ್ಟ ಕಾಗದಗಳಲ್ಲಿದೆ. 1941ರ ಮಾರ್ಚ್ 6ರಂದು ಚರ್ಚಿಲ್ ಹೊರಡಿಸಿದ ಅಟ್ಲಾಂಟಿಕ್ ಕದನದ ಆದೇಶದಲ್ಲಿ ಜರ್ಮನ್ ಜಲಾಂತರ್ಗಾಮಿಯಾದ ಯು-ಬೋಟ್‌ನ ಜೊತೆಗೆ ಫೋಕ್-ವುಲ್ಫ್ ಹೆಸರನ್ನೂ ಸಮನಾಗಿ ನಿಲ್ಲಿಸಿ, ಎರಡನ್ನೂ ಎಲ್ಲಿ ಸಿಕ್ಕರೆ ಅಲ್ಲಿ, ಯಾವಾಗ ಸಿಕ್ಕರೆ ಆಗ ಹೊಡೆಯಬೇಕು, ಅವುಗಳ ಗೂಡಿಗೇ ನುಗ್ಗಿ ಹೊಡೆಯಬೇಕು ಎಂದು ಬರೆದರು. ಸರಕು ಹಡಗುಗಳಿಂದಲೇ ಯುದ್ಧವಿಮಾನಗಳನ್ನು ಚಿಮ್ಮಿಸುವ ವ್ಯವಸ್ಥೆಗೆ ಆದ್ಯತೆ ಸಿಕ್ಕಿದ್ದೂ ಅದೇ ಆದೇಶದಲ್ಲಿ.

ಆಮೇಲೆ ನಡೆದದ್ದರಲ್ಲಿ ಮನುಷ್ಯರ ಧೈರ್ಯ ನನ್ನನ್ನು ಹೆಚ್ಚು ತಟ್ಟುತ್ತದೆ. ಸರಕು ಹಡಗಿನ ಮೂತಿಯ ಮೇಲೆ ಹಳಿಯಂಥ ಚೌಕಟ್ಟು; ಅದರ ಮೇಲೆ ಒಂದು ಹರಿಕೇನ್ ಯುದ್ಧವಿಮಾನ; ರಾಕೆಟ್‌ಗಳನ್ನು ಹೊತ್ತಿಸಿದರೆ ಕೆಲವೇ ಮೀಟರುಗಳಲ್ಲಿ ವಿಮಾನ ಗಾಳಿಗೇರುತ್ತದೆ. ಹೋಗುವುದಕ್ಕೆ ದಾರಿಯಿದೆ, ಮರಳಿ ಇಳಿಯುವುದಕ್ಕೆ ಜಾಗವಿಲ್ಲ. ಕಾದಾಟ ಮುಗಿದ ಮೇಲೆ ಪೈಲಟ್ ಪ್ಯಾರಾಚೂಟಿನಲ್ಲಿ ಹಾರಬೇಕು ಅಥವಾ ವಿಮಾನವನ್ನು ಸಮುದ್ರಕ್ಕೇ ಇಳಿಸಿ, ಬೆಂಗಾವಲು ಹಡಗು ಬಂದು ಎತ್ತಿಕೊಳ್ಳುವವರೆಗೆ ಆ ಚಳಿಯ ನೀರಿನಲ್ಲಿ ತೇಲಬೇಕು. 1941ರ ಆಗಸ್ಟ್ 3ರಂದು ಮೇಪ್ಲಿನ್ ಎಂಬ ನೌಕಾಪಡೆಯ ಹಡಗಿನಿಂದ ಹೀಗೆ ಚಿಮ್ಮಿದ ರಾಬರ್ಟ್ ಎವರೆಟ್ ಕಾಂಡೋರ್ ಒಂದನ್ನು ಹೊಡೆದುರುಳಿಸಿ, ನೀರಿಗಿಳಿದು ಬದುಕಿ ಬಂದರು. ಯುದ್ಧಕ್ಕೆ ಮೊದಲು ಅವರು ಕುದುರೆ ಸವಾರರು. 1929ರ ಗ್ರ್ಯಾಂಡ್ ನ್ಯಾಷನಲ್ ಓಟವನ್ನು, ಯಾರೂ ಗೆಲ್ಲುತ್ತದೆಂದು ಎಣಿಸದಿದ್ದ ಗ್ರೆಗಲಾಕ್ ಎಂಬ ಕುದುರೆಯ ಮೇಲೆ ಗೆದ್ದವರು. ಒಟ್ಟು 35 ಸರಕು ಹಡಗುಗಳಿಗೆ ಇಂಥ ಚಿಮ್ಮುಚೌಕಟ್ಟು ಅಳವಡಿಸಿದರು. ನಿಜವಾದ ಕಾದಾಟಕ್ಕಾಗಿ ಅವು ಚಿಮ್ಮಿಸಿದ್ದು ಹತ್ತಕ್ಕೂ ಕಡಿಮೆ ಸಲ. ಆದರೆ ಕಾನ್ವಾಯಿನಲ್ಲಿ ಒಂದು ಹರಿಕೇನ್ ಕಂಡರೆ ಕಾಂಡೋರ್ ಹತ್ತಿರ ಬರಲು ಹಿಂಜರಿಯುತ್ತಿತ್ತು ಎಂಬುದೇ ದೊಡ್ಡ ಪ್ರಯೋಜನ.

ಅಷ್ಟರಲ್ಲಿ ಹಡಗುಗಳಿಗೂ ಆಕಾಶಕ್ಕೆ ಗುಂಡು ಹೊಡೆಯುವ ಗನ್‌ಗಳೂ ತರಬೇತಾದ ಗನ್ನರ್‌ಗಳೂ ಬಂದಿದ್ದರು. 45 ಮೀಟರ್ ಎತ್ತರದಲ್ಲಿ, ನೇರವಾಗಿ, ನಿಧಾನವಾಗಿ ಬರುವ ದೊಡ್ಡ ವಿಮಾನಕ್ಕಿಂತ ಸುಲಭದ ಗುರಿ ಇನ್ನೇನಿದೆ? ಮೇ ತಿಂಗಳಲ್ಲಿ ಹಾನ್ಸ್ ಬುಖ್‌ಹೋಲ್ಟ್ಸ್, ಜುಲೈನಲ್ಲಿ ಫ್ರಿಟ್ಜ್ ಫ್ಲೀಗಲ್, ಹೀಗೆ ಪದಕ ಪಡೆದ ಹಳೆಯ ನುರಿತ ನಾಯಕರು ಒಬ್ಬೊಬ್ಬರಾಗಿ ಹಡಗುಗಳ ಗುಂಡಿಗೆ ಬಲಿಯಾದರು. ಕೆಳಮಟ್ಟದ ದಾಳಿಯನ್ನು ಬಿಟ್ಟು ದೂರದಿಂದ ನೋಡಿ ವರದಿ ಮಾಡುವುದಕ್ಕೇ ಒತ್ತು ಕೊಡಬೇಕಾಯಿತು. ಬಾಂಬಿನ ಕಾಲ, ಹಾಗೆ ನೋಡಿದರೆ, ಒಂದು ವರ್ಷವೂ ಪೂರ್ತಿ ಬಾಳಲಿಲ್ಲ.

ಕಣ್ಣನ್ನೂ ಕಿತ್ತ ಹಡಗು ಆಡಾಸಿಟಿ. ಜರ್ಮನರಿಂದ ವಶಪಡಿಸಿಕೊಂಡ ಹ್ಯಾನೋವರ್ ಎಂಬ ಸರಕು ಹಡಗಿನ ಮೇಲ್ಭಾಗವನ್ನು ಬೋಳಿಸಿ, ಸಪಾಟು ಅಟ್ಟ ಹಾಕಿ ಬ್ರಿಟಿಷರು ಅದನ್ನು ಪುಟ್ಟ ವಿಮಾನವಾಹಕವಾಗಿ ಮಾಡಿದರು. ವಿಮಾನಗಳನ್ನು ಇಡಲು ಒಳಗೆ ಜಾಗವಿಲ್ಲ. ಐದಾರು ಮಾರ್ಟ್‌ಲೆಟ್ ವಿಮಾನಗಳು ಮಳೆಗಾಳಿಯಲ್ಲೇ ಅಟ್ಟದ ಮೇಲೆ ನಿಲ್ಲುತ್ತಿದ್ದವು, ಮೆಕ್ಯಾನಿಕ್‌ಗಳು ರಾತ್ರಿ ಟಾರ್ಚಿನ ಬೆಳಕಿನಲ್ಲಿ ರಿಪೇರಿ ಮಾಡುತ್ತಿದ್ದರು. ಕಾಂಡೋರ್‌ನ ಹಿಂದೆ, ಕೆಳಗೆ, ಪಕ್ಕದಲ್ಲಿ ಗನ್‌ಗಳಿದ್ದವು. ಎರಿಕ್ ಬ್ರೌನ್ ಎಂಬ ಯುವ ಪೈಲಟ್ ಅದಕ್ಕೆ ಎದುರಾಎದುರು ನುಗ್ಗಿ, ಪೈಲಟ್ ಕೂರುವ ಕೋಣೆಗೇ ಗುಂಡಿಡುವ ವಿಧಾನವನ್ನು ಕಂಡುಕೊಂಡು ಎರಡು ಕಾಂಡೋರ್‌ಗಳನ್ನು ಉರುಳಿಸಿದರು. 1941ರ ಡಿಸೆಂಬರಿನಲ್ಲಿ 32 ಹಡಗುಗಳ ಎಚ್‌ಜಿ 76 ಕಾನ್ವಾಯ್ ಜಿಬ್ರಾಲ್ಟರಿನಿಂದ ಹೊರಟಾಗ ಫ್ರೆಡರಿಕ್ ವಾಕರ್ ಅವರ ಬೆಂಗಾವಲು ನೌಕೆಗಳ ಜೊತೆ ಆಡಾಸಿಟಿ ಇತ್ತು. ಕಾಂಡೋರ್‌ಗಳು ಬಂದವು, ಓಡಿಸಲ್ಪಟ್ಟವು ಅಥವಾ ಬಿದ್ದವು. ಜರ್ಮನರು ಐದು ಜಲಾಂತರ್ಗಾಮಿಗಳನ್ನು ಕಳೆದುಕೊಂಡರು. ಮುಳುಗಿದ ಸರಕು ಹಡಗುಗಳು ಎರಡೇ. ಆದರೆ ಬೆಂಗಾವಲು ನೌಕೆ ಸ್ಟ್ಯಾನ್ಲಿ ಮುಳುಗಿತು. ಡಿಸೆಂಬರ್ 21ರ ರಾತ್ರಿ ಯು-751ರ ಟಾರ್ಪೆಡೊ ಆಡಾಸಿಟಿಯನ್ನೂ ಮುಳುಗಿಸಿತು. ಬ್ರೌನ್ ಬದುಕಿದರು.

1943ರ ಜುಲೈ 11ರಂದು ಒಮ್ಮೆ ಹಳೆಯ ದಿನಗಳು ಮರಳಿದಂತಾಯಿತು. ಪೋರ್ಚುಗಲ್ ಕರಾವಳಿಯ ಆಚೆ, ಮೂರು ಕಾಂಡೋರ್‌ಗಳು ಈ ಸಲ ಹೊಸ ಗುರಿಯಂತ್ರದ ನೆರವಿನಿಂದ, ಗನ್‌ಗಳಿಗೆ ಸುಲಭವಾಗಿ ಎಟುಕದ ಎತ್ತರದಿಂದ ಬಾಂಬು ಹಾಕಿ ಡಚೆಸ್ ಆಫ್ ಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ಎಂಬ ಎರಡು ದೊಡ್ಡ ಪಡೆಸಾಗಣೆ ಹಡಗುಗಳಿಗೆ ಬೆಂಕಿ ಹಚ್ಚಿದವು, ಎರಡೂ ನಾಶವಾದವು. ಮೂರು ವರ್ಷ ಮೊದಲೇ ಈ ಗುರಿಯಂತ್ರವೂ ಬೇಕಾದಷ್ಟು ವಿಮಾನಗಳೂ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಎದೆ ನಡುಗುತ್ತದೆ. ಆದರೆ ಅದೇ ವರ್ಷದ ಜನವರಿಯಲ್ಲಿ ಕಾಂಡೋರ್‌ಗಳನ್ನು ಸಾಗರದಿಂದ ಎತ್ತಿ, ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ಸಾಮಾನು ಹೊರಲು ರಷ್ಯದ ಹಿಮಕ್ಕೆ ಕಳುಹಿಸಿದ್ದರು. ಇನ್ನು ಕೆಲವು ಹಿಟ್ಲರ್ ಮತ್ತು ಅವರ ಸಹಚರರ ಸ್ವಂತ ಪ್ರಯಾಣಕ್ಕೆ ಮೀಸಲಾಗಿದ್ದವು. ಆಮೇಲೆ ಬಂದ ಯುಂಕರ್ಸ್ 290 ದೂರ ಹಾರುವುದರಲ್ಲೂ ರೇಡಾರಿನಲ್ಲೂ ಮೇಲಾಗಿತ್ತು. ಆದರೆ ಅದೂ ಹತ್ತಾರು ಮಾತ್ರ ತಯಾರಾಯಿತು, ಅದು ಬರುವ ಹೊತ್ತಿಗೆ ಅಟ್ಲಾಂಟಿಕ್ ಕದನ ಜರ್ಮನಿಯ ಕೈತಪ್ಪಿತ್ತು.

ಕೆಜಿ 40ರ ಹೆಸರಿನಲ್ಲಿ ದಾಖಲಾದ ಅತಿ ಘೋರ ಸಾವು ಮಾತ್ರ ಕಾಂಡೋರ್‌ನಿಂದ ಬಂದದ್ದಲ್ಲ, ಅಟ್ಲಾಂಟಿಕ್‌ನಲ್ಲಿ ನಡೆದದ್ದೂ ಅಲ್ಲ. ಆ ಪಡೆಯ ಎರಡನೆಯ ಗುಂಪಿಗೆ ಹೈಂಕೆಲ್ 177 ಎಂಬ ಬಾಂಬರ್ ಬಂದಿತ್ತು. ಎರಡೆರಡು ಎಂಜಿನ್‌ಗಳನ್ನು ಜೋಡಿಸಿ ಒಂದೇ ಪ್ರೊಪೆಲ್ಲರ್ ತಿರುಗಿಸುವ, ಗಾಳಿಯಲ್ಲೇ ಬೆಂಕಿ ಹತ್ತಿಕೊಳ್ಳುವುದಕ್ಕೆ ಕುಖ್ಯಾತವಾದ ವಿಮಾನ. ಅದು ಹೊತ್ತು ಬರುತ್ತಿದ್ದದ್ದು ಎಚ್‌ಎಸ್ 293 ಎಂಬ, ವಿಮಾನದಿಂದಲೇ ರೇಡಿಯೊ ಮೂಲಕ ನಡೆಸಬಹುದಾದ ಪುಟ್ಟ ರೆಕ್ಕೆಯ ಬಾಂಬು. 1943ರ ನವೆಂಬರ್ 26ರ ಸಂಜೆ, ಅಲ್ಜೀರಿಯದ ಕರಾವಳಿಯಲ್ಲಿ, ಪೂರ್ವಕ್ಕೆ ಹೊರಟಿದ್ದ ಕೆಎಂಎಫ್ 26 ಕಾನ್ವಾಯಿನ ರೋಹ್ನಾ ಎಂಬ ಹಡಗಿಗೆ ಅಂಥ ಒಂದು ಬಾಂಬು ಬಡಿಯಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಳೆಯ ಹಡಗು ಅದು. ಅದರ ತುಂಬ ಭಾರತಕ್ಕೆ ಬರುತ್ತಿದ್ದ ಅಮೆರಿಕದ ಸೈನಿಕರಿದ್ದರು. ಹಡಗನ್ನು ನಡೆಸುತ್ತಿದ್ದವರು ಬಹುಪಾಲು ಭಾರತೀಯ ನಾವಿಕರು, ಅಂದರೆ ಲಾಸ್ಕರ್‌ಗಳು. 1,015 ಅಮೆರಿಕನ್ ಸೈನಿಕರು ಸತ್ತರು. ರೇಡಿಯೊ ನಿಯಂತ್ರಿತ ಬಾಂಬಿನ ಗುಟ್ಟು ಹೊರಬೀಳಬಾರದೆಂದು ಅಮೆರಿಕ ಸರ್ಕಾರ ವಿವರಗಳನ್ನು ಮುಚ್ಚಿಟ್ಟಿತು. ಸತ್ತವರ ಮನೆಗಳಿಗೆ ಎಷ್ಟೋ ವರ್ಷ ಏನಾಯಿತೆಂದೇ ತಿಳಿಯಲಿಲ್ಲ.

ಹಡಗಿನ 195 ಜನ ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಆ ಸಂಜೆ ಸತ್ತರು. ಕಾಂಡೋರ್‌ಗಳ ಬಗ್ಗೆ, ಹೈಂಕೆಲ್‌ಗಳ ಬಗ್ಗೆ ಬರೆದ ಪುಟಗಳಲ್ಲಿ ಎಂಜಿನ್ನಿನ ಅಶ್ವಶಕ್ತಿ, ಬಾಂಬಿನ ತೂಕ, ಪೈಲಟ್‌ಗಳ ಪದಕ ಎಲ್ಲವೂ ಇರುತ್ತವೆ. ಬಾಯ್ಲರಿಗೆ ಕಲ್ಲಿದ್ದಲು ಎತ್ತುತ್ತಿದ್ದವನ, ಅಡುಗೆ ಮಾಡುತ್ತಿದ್ದವನ ಹೆಸರು ಇರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಸತ್ತ, ಸಮಾಧಿಯಿಲ್ಲದ ಸುಮಾರು ಆರು ಸಾವಿರ ಭಾರತೀಯ ನಾವಿಕರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಾಗಿದೆ. ಅದರ ಒಂದು ಪ್ರತಿ ಮುಂಬಯಿಯ ನಾವಿಕರ ವಸತಿಗೃಹದಲ್ಲಿದೆ, ಇನ್ನೊಂದು ಚಿತ್ತಗಾಂಗ್‌ನಲ್ಲಿದೆ.